ಹೊಸೂರು ರಸ್ತೆಯ ಬೋರ್ಡಿನ ಪಕ್ಕದ ಮನುಷ್ಯ

ಗುಳೇದಗುಡ್ಡ
14 ಜುಲೈ 1998

ಮಾನ್ಯ ತಿಮ್ಮರಾಯಪ್ಪನವರಿಗೆ,

ನನ್ನ ಪರಿಚಯ ನಿಮಗಿಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಅಂಗನವಾಡಿ ಶಿಕ್ಷಕಿ. ಹೆಸರು ಅನ್ನಪೂರ್ಣ. ನಿಮ್ಮ ವಿಳಾಸ ತಿಳಿಯದ್ದರಿಂದ ಈ ಕಾಗದವನ್ನು ವಾರಪತ್ರಿಕೆಯ ಕಚೇರಿಗೆ ಕಳಿಸಿದ್ದೇನೆ. ದಯವಿಟ್ಟು ನಿಮಗೆ ಮುಟ್ಟಿಸಿ ಎಂದು ಸಂಪಾದಕರನ್ನು ಬೇಡಿಕೊಂಡಿದ್ದೇನೆ.

ಪತ್ರಿಕೆಯ ಹವ್ಯಾಸದ ಪುಟದಲ್ಲಿ ನಿಮ್ಮ ಬಗ್ಗೆ ಓದಿದೆ. ಸ್ಟಾಂಪು, ನಾಣ್ಯ ಕೂಡಿಡುವವರನ್ನು ಕಂಡಿದ್ದೆ. ಹೆದ್ದಾರಿಯ ಬೋರ್ಡುಗಳ ಫೋಟೊ ತೆಗೆದು ಕೂಡಿಡುವವರು ಇದ್ದಾರೆ ಅಂತ ಗೊತ್ತಿರಲಿಲ್ಲ. ಆ ಪುಟದ ಮೂರನೇ ಚಿತ್ರದಲ್ಲಿ ಹಳದಿ ತಗಡಿನ ಮೇಲೆ 7 ಎಂಬ ಅಂಕಿ ಇದೆ. ಅದರ ಎಡಗಡೆ, ಚಿತ್ರದ ಅಂಚಿನಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಮುಖ ಪೂರ್ತಿ ಕಾಣುವುದಿಲ್ಲ. ಆದರೆ ಬಲಗೈಯಿಂದ ಎಡಗೈಯ ಮೊಣಕೈ ಹಿಡಿದುಕೊಂಡು ನಿಂತಿರುವ ರೀತಿ ನೋಡಿ. ನಮ್ಮ ಅಪ್ಪ ಹಾಗೆ ನಿಲ್ಲುತ್ತಿದ್ದರು. ಅಪ್ಪನ ನಂತರ ನನ್ನ ಅಣ್ಣ ಭೀಮಪ್ಪ ಹಾಗೆ ನಿಲ್ಲುತ್ತಿದ್ದ.

ಅಣ್ಣ ಊರು ಬಿಟ್ಟು ಆರು ವರ್ಷವಾಯಿತು. ಎಲ್ಲಿದ್ದಾನೆ ಎಂದು ಒಂದು ಸುದ್ದಿಯೂ ಬಂದಿಲ್ಲ.

ಈ ಫೋಟೊ ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು ಎಂದು ಒಂದು ಸಾಲು ಬರೆದರೆ ಸಾಕು. ಇಷ್ಟು ದಿನದ ಮೇಲೆ ಅವನ ನೆರಳಾದರೂ ಕಾಣಿಸಿದ್ದು ನಿಮ್ಮಿಂದ. ಅದಕ್ಕೆ ಮೊದಲೇ ನಮಸ್ಕಾರ ಹೇಳುತ್ತಿದ್ದೇನೆ.

ಇಂತಿ,
ಅನ್ನಪೂರ್ಣ


ಬಿಟಿಎಂ ಲೇಔಟ್, ಬೆಂಗಳೂರು
5 ಆಗಸ್ಟ್ 1998

ಶ್ರೀಮತಿ ಅನ್ನಪೂರ್ಣ ಅವರಿಗೆ,

ನಿಮ್ಮ ಕಾಗದ ಪತ್ರಿಕೆಯವರ ಮೇಜಿನ ಮೇಲೆ ಕೂತು ಕೂತು ನಿನ್ನೆ ನನ್ನ ಕೈಗೆ ಬಂತು. ತಡವಾದದ್ದಕ್ಕೆ ನಾನು ಕಾರಣ ಅಲ್ಲ, ಆದರೂ ಬೇಜಾರಾಯಿತು.

ಆ ಫೋಟೊ ಹೊಸೂರು ರಸ್ತೆಯದು, ಬೊಮ್ಮನಹಳ್ಳಿ ದಾಟಿದ ಮೇಲೆ ಸಿಗುವ ಜಾಗ. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತಿರವೇ. ಕಳೆದ ಮಾರ್ಚಿನಲ್ಲಿ ತೆಗೆದೆ. ನಿಜ ಹೇಳಬೇಕೆಂದರೆ ನಿಮ್ಮ ಅಣ್ಣನೋ ಯಾರೋ, ಆ ಮನುಷ್ಯನ ಮೇಲೆ ಅವತ್ತು ನನಗೆ ಕೋಪ ಬಂದಿತ್ತು. ನನ್ನ ಫೋಟೊಗಳಲ್ಲಿ ಜನ ಬೀಳಬಾರದು. ಬೋರ್ಡ್ ಮಾತ್ರ ಬೇಕು. "ಸ್ವಲ್ಪ ಸರೀರಿ ಅಣ್ಣ" ಅಂದೆ. ಅವರು ಒಂದು ಹೆಜ್ಜೆ ಸರಿದು ಮತ್ತೆ ಅಲ್ಲೇ ನಿಂತರು. ಬಿಸಿಲು ಇಳಿಯುತ್ತಿತ್ತು, ಕ್ಲಿಕ್ ಮಾಡಿಬಿಟ್ಟೆ. ಪತ್ರಿಕೆಯವರಿಗೆ ಆ ಫೋಟೊ ಕೊಟ್ಟದ್ದಾದರೂ ಯಾಕೆಂದರೆ, ಹೊಸೂರು ರಸ್ತೆಯಲ್ಲಿ ಅಷ್ಟು ಚೊಕ್ಕಟವಾದ ಬೋರ್ಡ್ ಇನ್ನೊಂದಿಲ್ಲ. ಉಳಿದ ಎಲ್ಲದರ ಮೇಲೂ ಟ್ಯೂಷನ್, ಮೂಲವ್ಯಾಧಿ, ಮನೆ ಬಾಡಿಗೆಗಿದೆ ಅಂತ ಚೀಟಿ ಅಂಟಿಸಿ ಊರಿನ ಹೆಸರೇ ಮುಚ್ಚಿಹಾಕಿದ್ದಾರೆ.

ಈ ಹುಚ್ಚು ನನಗೆ ಯಾಕೆ ಹತ್ತಿತು ಅಂತ ಪತ್ರಿಕೆಯವರು ಬರೆಯಲಿಲ್ಲ. ನಮ್ಮದು ತಾವರೆಕೆರೆ. ಈಗ ನಾನು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿರುವ ಜಾಗ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲ. ಲೇಔಟ್ ಆದಮೇಲೆ ಒಂದು ದಿನ ಮುಖ್ಯರಸ್ತೆಯಲ್ಲಿ ನಿಂತು ನೋಡುತ್ತೇನೆ, ನಮ್ಮ ಊರಿನ ಹೆಸರಿದ್ದ ಹಳೇ ಹಲಗೆ ಮಾಯ. ಅದರ ಒಂದು ಫೋಟೊ ಕೂಡ ನನ್ನ ಹತ್ತಿರ ಇರಲಿಲ್ಲ. ಅವತ್ತೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಕ್ಯಾಮೆರಾ ತಂದೆ. ನನ್ನ ಹೆಂಡತಿ ಮರಿಯಮ್ಮ ಹೇಳುತ್ತಾಳೆ, "ಎಲ್ರೂ ಹೆಂಡ್ತಿ ಮಕ್ಕಳ ಫೋಟೊ ತೆಗೀತಾರೆ, ಇವ್ರು ತಗಡಿನ್ ಫೋಟೊ ತೆಗೀತಾರೆ" ಅಂತ.

ಇರಲಿ. ನಾನು ಅಲ್ಲಿಗೆ ಹೋಗಿ ವಿಚಾರಿಸುತ್ತೇನೆ. ಅಣ್ಣನ ಬಗ್ಗೆ ಸ್ವಲ್ಪ ವಿವರ ಬರೆಯಿರಿ. ಊರು ಯಾಕೆ ಬಿಟ್ಟರು?

ಇಂತಿ ನಿಮ್ಮ,
ತಿಮ್ಮರಾಯಪ್ಪ


ಗುಳೇದಗುಡ್ಡ
13 ಆಗಸ್ಟ್ 1998

ತಿಮ್ಮರಾಯಪ್ಪನವರಿಗೆ,

ನಿಮ್ಮ ಕಾಗದ ಓದಿ ಓದಿ ಮಡಿಕೆಯಲ್ಲೇ ಹರಿದಿದೆ. ಅಣ್ಣ ನಿಮ್ಮ ಕಣ್ಣಿಗೆ ಬಿದ್ದಿದ್ದಾನೆ, ನಿಮ್ಮ ಮಾತು ಕೇಳಿ ಒಂದು ಹೆಜ್ಜೆ ಸರಿದಿದ್ದಾನೆ. ಇದೇ ನನಗೆ ಹಬ್ಬ.

ಅವನಿಗೆ ಈಗ ನಲವತ್ತೈದು. ಎತ್ತರದ ಆಳು, ಮಾತು ಕಡಿಮೆ. ಮದುವೆಯಾಗಲಿಲ್ಲ. ಅಪ್ಪ ಅವ್ವ ಬೇಗ ಹೋದದ್ದರಿಂದ ನನ್ನನ್ನು ಸಾಕಿದವನು, ಓದಿಸಿದವನು, ಮದುವೆ ಮಾಡಿದವನು ಅವನೇ. ಇಲ್ಲಿ ಟೆಂಪೊ ಓಡಿಸುತ್ತಿದ್ದ. ನೇಕಾರರ ಖಣದ ಬಟ್ಟೆ ತುಂಬಿಕೊಂಡು ಇಳಕಲ್ಲು, ಹೊಸಪೇಟೆ ಕಡೆ ಹೋಗಿ ಬರುತ್ತಿದ್ದ.

ಊರು ಯಾಕೆ ಬಿಟ್ಟ ಎಂದು ಕೇಳಿದ್ದೀರಿ. ಮನಸ್ಸಿಗೆ ಬೇಸರವಾಗಿ ಬಿಟ್ಟ. ಅಷ್ಟೇ ತಿಳಿಯಿರಿ. ನಮ್ಮಿಬ್ಬರ ನಡುವೆ ಒಂದು ಮಾತು ಇತ್ಯರ್ಥವಾಗುವುದು ಬಾಕಿ ಇದೆ. ಅದು ಕಾಗದದಲ್ಲಿ ಆಗುವಂಥದ್ದಲ್ಲ, ಎದುರಾಬದುರು ಕೂತೇ ಆಗಬೇಕು. ಅವನು ಸಿಕ್ಕರೆ ದಯವಿಟ್ಟು ನನ್ನ ಹೆಸರು ಹೇಳಬೇಡಿ. ಎಲ್ಲಿದ್ದಾನೆಂದು ನನಗೆ ತಿಳಿಸಿ, ನಾನೇ ಬರುತ್ತೇನೆ.

ಅಕ್ಕನವರಿಗೆ ನನ್ನ ನಮಸ್ಕಾರ. ಅವರ ಒಂದು ಫೋಟೊ ತೆಗೆಯಿರಿ, ತಪ್ಪೇನು?

ಇಂತಿ,
ಅನ್ನಪೂರ್ಣ


ಬಿಟಿಎಂ ಲೇಔಟ್, ಬೆಂಗಳೂರು
6 ಸೆಪ್ಟೆಂಬರ್ 1998

ಶ್ರೀಮತಿ ಅನ್ನಪೂರ್ಣ ಅವರಿಗೆ,

ಬೊಮ್ಮನಹಳ್ಳಿಗೆ ಹೋಗಿದ್ದೆ. ನಿಮಗೆ ಖಚಿತವಾಗಿ ಬರೆಯುವಂಥದ್ದು ಸದ್ಯಕ್ಕೆ ಏನೂ ಇಲ್ಲ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಲೇಔಟ್‌ಗೆ ಜಮೀನು ಹೋದಾಗ, ಎಷ್ಟೋ ವರ್ಷ ಕಾಣದಿದ್ದ ಅಣ್ಣತಮ್ಮಂದಿರನ್ನೆಲ್ಲ ಎಲ್ಲೆಲ್ಲಿಂದಲೋ ಹುಡುಕಿ ಕರೆದು ತಂದರು. ಸಹಿ ಬೇಕಿತ್ತು. ಸಹಿ ಹಾಕಿಸಿಕೊಂಡು ಅವತ್ತು ಸಂಜೆಯ ಬಸ್ಸಿಗೇ ಹತ್ತಿಸಿ ಕಳಿಸಿದರು. ನಾನು ಅದನ್ನೆಲ್ಲ ಕಣ್ಣಾರೆ ಕಂಡವನು. ಇತ್ಯರ್ಥವಾಗಬೇಕು ಅಂತ ನೀವು ಬರೆದದ್ದು ಅಂಥದ್ದೇನಾದರೂ ಇದೆಯೇ?

ತಿಮ್ಮರಾಯಪ್ಪ


ಗುಳೇದಗುಡ್ಡ
15 ಸೆಪ್ಟೆಂಬರ್ 1998

ತಿಮ್ಮರಾಯಪ್ಪನವರಿಗೆ,

ನಮಗೆ ಹೊಲವಿಲ್ಲ. ಇರುವುದು ಬಾಡಿಗೆ ಮನೆ. ಅಣ್ಣನ ಸಹಿ ತೆಗೆದುಕೊಂಡು ನಾನು ಏನು ಮಾಡಲಿ?

ನಿಮ್ಮ ಕಾಗದ ಓದಿದಾಗ ಮೊದಲು ಅಳು ಬಂತು. ಆಮೇಲೆ ಮತ್ತೊಮ್ಮೆ ಓದಿದೆ. ಅವನು ಅಲ್ಲಿಲ್ಲ ಎಂದು ನೀವು ಬರೆದಿಲ್ಲ. ಸುಳ್ಳು ಬರೆಯಲು ನಿಮ್ಮ ಕೈ ಬರಲಿಲ್ಲ ಅನ್ನಿಸಿತು. ಅದಕ್ಕಾಗಿಯೇ ನಿಮಗೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ತೊಂಬತ್ತೆರಡರಲ್ಲಿ ಅಣ್ಣನ ಟೆಂಪೊ ಅಮೀನಗಡದಿಂದ ಈಚೆಗೆ ಬರುವ ತಿರುವಿನಲ್ಲಿ ಉರುಳಿತು. ಗಾಡಿಯನ್ನು ಅಣ್ಣ ಓಡಿಸುತ್ತಿದ್ದ. ನನ್ನ ಯಜಮಾನರು ಬಸವಂತ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಅಣ್ಣನಿಗೆ ಏನೂ ಆಗಲಿಲ್ಲ. ನನ್ನವರು ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ನನ್ನ ಮಾವನವರ ಮನೆಯವರು ಅಣ್ಣನಿಗೆ ಬಾಯಿಗೆ ಬಂದಂತೆ ಅಂದರು. ನಾನು ಒಳಗೆ ಬಿದ್ದುಕೊಂಡಿದ್ದೆ, ಎಚ್ಚರವೇ ಇರಲಿಲ್ಲ. ಎದ್ದು ಕೇಳುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಇದನ್ನು ಮೊದಲೇ ಬರೆದಿದ್ದರೆ, ಗಂಡನನ್ನು ಕಳೆದುಕೊಂಡವಳು ಸಿಟ್ಟಿಗೆ ಹುಡುಕುತ್ತಿದ್ದಾಳೆ ಅಂತ ನೀವು ತಿಳಿದು, ಅವನಿಗೆ ಸುಳಿವು ಕೊಟ್ಟೀರಿ, ಅವನು ಅಲ್ಲಿಂದಲೂ ಹೋದಾನು ಅಂತ ಹೆದರಿದೆ.

ನಾನು ಹೇಳಬೇಕಾದ ಮಾತು ಇಷ್ಟೇ: ನನಗೆ ಅವನ ಮೇಲೆ ಸಿಟ್ಟಿಲ್ಲ. ಒಂದು ದಿನವೂ ಇರಲಿಲ್ಲ. ಆಗ ನಾನು ಗರ್ಭಿಣಿ ಎಂಬುದು ಅವನಿಗೆ ಗೊತ್ತಿರಲಿಲ್ಲ, ನನಗೇ ಆಗಷ್ಟೇ ತಿಳಿದಿತ್ತು. ಮಗಳಿದ್ದಾಳೆ, ರಾಜಶ್ರೀ. ಈಗ ಒಂದನೇ ತರಗತಿ. ಸೋದರಮಾವ ಎಲ್ಲಿ ಎಂದು ಕೇಳುತ್ತಾಳೆ.

ಅವನಿಗೆ ಏನಾದರೂ ಆಗಿದೆಯೇ? ಆ ಫೋಟೊ ತೆಗೆದ ಮೇಲೆ ತೀರಿಕೊಂಡನೇ? ಅದನ್ನು ಹೇಳಲಾರದೆ ನೀವು ಹೀಗೆ ಬರೆದಿರಾ? ಹಾಗಿದ್ದರೂ ತಿಳಿಸಿ. ನಾನು ತಡೆದುಕೊಳ್ಳುತ್ತೇನೆ.

ಅನ್ನಪೂರ್ಣ


ಬಿಟಿಎಂ ಲೇಔಟ್, ಬೆಂಗಳೂರು
27 ಸೆಪ್ಟೆಂಬರ್ 1998

ತಾಯಿ ಅನ್ನಪೂರ್ಣಮ್ಮನಿಗೆ,

ಭೀಮಪ್ಪ ಗಟ್ಟಿಮುಟ್ಟಾಗಿ ಇದ್ದಾನೆ. ಇದನ್ನು ಮೊದಲು ಓದಿಬಿಡು, ಮಿಕ್ಕದ್ದು ನಿಧಾನಕ್ಕೆ ಓದು. ನನಗೆ ಮಗಳ ವಯಸ್ಸಿನವಳು ನೀನು, ಇನ್ನು ಮೇಲೆ ಹೀಗೇ ಬರೆಯುತ್ತೇನೆ.

ನಾನು ಮೊದಲ ಸಲ ವಿಚಾರಿಸಲು ಹೋದ ದಿನವೇ ಅವನು ಸಿಕ್ಕಿದ್ದ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ನಾನು ಸ್ಕೂಟರ್ ನಿಲ್ಲಿಸಿದಾಗ ಒದ್ದೆ ಬಟ್ಟೆ ಹಿಡಿದು ಅದೇ ಬೋರ್ಡನ್ನು ಒರೆಸುತ್ತಿದ್ದ. ಯಾರೋ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಅದು ಯಾಕೆ ಅಷ್ಟು ಚೊಕ್ಕಟ ಅಂತ ನನಗೆ ಆಗ ಗೊತ್ತಾಯಿತು.

"ಭೀಮಪ್ಪನವರಾ?" ಅಂದೆ.

"ಅಂವ ಯಾರೋ ನನಗೊತ್ತಿಲ್ರಿ" ಅಂದ, ತಿರುಗಿಯೂ ನೋಡದೆ.

"ಗುಳೇದಗುಡ್ಡದಿಂದ ಕಾಗದ ಬಂದೈತೆ" ಅಂದೆ. ಹೆಸರು ಹೇಳಬೇಡಿ ಅಂತ ನೀನು ಬರೆದಿದ್ದೆ. ಊರಿನ ಹೆಸರು ಬಾಯಿಂದ ಬಂದುಬಿಟ್ಟಿತು. ಅವನು ಅಲ್ಲೇ ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಒದ್ದೆ ಬಟ್ಟೆಯನ್ನು ಮಡಚುತ್ತ ಹೇಳಿದ, "ಆಕೀ ಗಂಡನ್ನ ನಾ ಕೊಂದೇನ್ರಿ ಸಾರ್. ಅಂವ ನನ್ನ ಬಾಜೂಕ ಕುಂತಿದ್ದ. ಆ ತಿರುವಿನ್ಯಾಗ ಒಂದು ಬೋರ್ಡ್ ಇತ್ತು, ಬಿದ್ದು ಮಣ್ಣಾಗಿತ್ತು. ಬೋರ್ಡ್ ಇರಲಿಲ್ಲ ಅಂತ ನಾ ಹೇಳಿದ್ರ ಜನ ನೆವಾ ಹೇಳ್ತಾನ ಅಂತಿದ್ರು. ಹೇಳಲಿಲ್ಲ. ಯಾವ ಮಾರಿ ತಗೊಂಡ ಆಕೀ ಮುಂದ ಹೋಗ್ಲಿ? ನಾ ಇಲ್ಲಿರೂದು ಆಕೀಗೆ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಎದ್ದು ನಿಜವಾಗಿಯೂ ಕಾಲಿಗೆ ಬೀಳಲು ಬಂದ. ಆಗಲಿ ಅಂತ ಮಾತು ಕೊಟ್ಟುಬಿಟ್ಟೆ. ಮನೆಗೆ ಬಂದು ನಿನಗೆ ಏನು ಬರೆಯುವುದೋ ತಿಳಿಯದೆ, ಸಹಿ ಗಿಹಿ ಅಂತ ನನ್ನ ಸಣ್ಣ ಬುದ್ಧಿ ತೋರಿಸಿದೆ. ಮರಿಯಮ್ಮ ನಿನ್ನ ಉತ್ತರ ಓದಿಸಿ ಕೇಳಿದವಳು, "ಥೂ, ನಿಮ್ಮ ಬಾಯಿಗಷ್ಟು! ಜಮೀನು ಮಾರ್ದೋರ್ಗೆಲ್ಲ ಪ್ರಪಂಚನೇ ಜಮೀನಾಗಿ ಕಾಣ್ಸುತ್ತೆ" ಅಂದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಅವಳೇ ದಾರಿ ತೋರಿಸಿದಳು. "ನೀವು ಅವಳಿಗೆ ಏನೂ ಬರೀಬೇಡಿ. ಅವಳ ಕಾಗದಾನೇ ತಗೊಂಡೋಗಿ ಅವನಿಗೆ ಓದಿ" ಅಂದಳು. ಮೊನ್ನೆ ಭಾನುವಾರ ಹಾಗೇ ಮಾಡಿದೆ. ಕಾರ್ಖಾನೆಗೆ ರಜ, ಗೇಟಿನ ನೆರಳಿನಲ್ಲಿ ಇಬ್ಬರೇ ಕೂತಿದ್ದೆವು. ನಿನಗೆ ಸಿಟ್ಟಿಲ್ಲ ಎಂಬ ಸಾಲು ಓದಿದೆ. ಅವನು ನಂಬಲಿಲ್ಲ, "ಮತ್ತೊಮ್ಮೆ ಓದ್ರಿ" ಅಂದ. ಓದಿದೆ. ಮಗಳ ಸುದ್ದಿ ಬಂದಾಗ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ. ಕಾಗದ ಮುಗಿದ ಮೇಲೆ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದು ನಿಂತ. ಅದೇ, ಮೊಣಕೈ ಹಿಡಿದುಕೊಂಡು.

"ಬರೀರಿ ಸಾರ್" ಅಂದ. ಇಷ್ಟೇ ಅಂದದ್ದು. ನಾನು ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ನೀನು ತಿಳಿದುಕೊಳ್ಳಬೇಕು. ಸಂಜೆ ಕಾರ್ಖಾನೆ ಬಿಟ್ಟಾಗ ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೆಲ್ಲ ಹೊಸೂರು ರಸ್ತೆ ದಾಟಬೇಕು. ಲಾರಿಗಳು ಯಾರ ಮುಖವನ್ನೂ ನೋಡದ ರಸ್ತೆ ಅದು. ನಿಮ್ಮಣ್ಣ ನಡುರಸ್ತೆಗೆ ಇಳಿದು ಕೈ ಎತ್ತಿ ನಿಲ್ಲುತ್ತಾನೆ. ಎಲ್ಲರೂ ದಾಟಿದ ಮೇಲೆಯೇ ಕೈ ಇಳಿಸುವುದು. ಆ ಕೆಲಸ ಮಾಡು ಅಂತ ಅವನಿಗೆ ಯಾರೂ ಹೇಳಿಲ್ಲ. ಆ ಹುಡುಗಿಯರಲ್ಲಿ ಒಬ್ಬಳು, ದಿವ್ಯ ಅಂತ, ನನಗೆ ಹೇಳಿದಳು: "ಅಣ್ಣ ಇರೋ ದಿನ ನಮ್ಮಮ್ಮ ಮನೇಲಿ ನೆಮ್ದಿಯಾಗಿರ್ತಾಳೆ ಅಂಕಲ್."

ಯಾವಾಗ ಬರುತ್ತೀಯೋ ಬಾ. ಇಳಿದುಕೊಳ್ಳಲು ನಮ್ಮ ಮನೆ ಇದೆ.

ತಿಮ್ಮರಾಯಪ್ಪ


ಗುಳೇದಗುಡ್ಡ
8 ಅಕ್ಟೋಬರ್ 1998

ಕಾಕಾ,

ದೀಪಾವಳಿ ರಜೆಗೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಅವನಿಗೆ ದಿನ ಹೇಳಬೇಡಿ. ಹೇಳಿದರೆ ಅವನು ಹೆದರುತ್ತಾನೆ. ನನಗೂ ಹೆದರಿಕೆ ಇದೆ.

ಅನ್ನಪೂರ್ಣ


ಗುಳೇದಗುಡ್ಡ
28 ಅಕ್ಟೋಬರ್ 1998

ಕಾಕಾ ಅವರಿಗೂ ಅಕ್ಕನವರಿಗೂ ಅನ್ನಪೂರ್ಣಳ ನಮಸ್ಕಾರಗಳು.

ಊರಿಗೆ ಬಂದು ಮುಟ್ಟಿದೆವು. ಅಕ್ಕನವರು ಕಟ್ಟಿಕೊಟ್ಟ ಒಬ್ಬಟ್ಟು ದಾರಿಯಲ್ಲೇ ಖಾಲಿ. ರಾಜಶ್ರೀ ಇಲ್ಲಿ ಓಣಿಯ ಮಕ್ಕಳಿಗೆಲ್ಲ ಬೆಂಗಳೂರಿನಲ್ಲಿ ತನಗೆ ಅಜ್ಜಿ ಇದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ.

ಅವತ್ತು ನೀವು ಸ್ಕೂಟರಿನ ಪಕ್ಕ ದೂರದಲ್ಲೇ ನಿಂತುಬಿಟ್ಟಿರಿ. ಕ್ಯಾಮೆರಾ ಕುತ್ತಿಗೆಯಲ್ಲಿದ್ದರೂ ಮುಟ್ಟಲಿಲ್ಲ. ನಾನು ಗಮನಿಸಿದೆ. ಅಷ್ಟು ದೂರಕ್ಕೆ ನಿಮಗೆ ಏನೂ ಕೇಳಿಸಿರಲಿಕ್ಕಿಲ್ಲ. ಮನೆಗೆ ಬಂದ ಮೇಲೂ ನೀವಾಗಿ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಸ್ತೆಯ ಈಚೆ ಬದಿಗೆ ಮಗಳ ಕೈ ಹಿಡಿದು ನಿಂತಿದ್ದೆ. ಕಾರ್ಖಾನೆ ಬಿಟ್ಟಿತು. ಅಣ್ಣ ರಸ್ತೆಗೆ ಇಳಿದು ಕೈ ಎತ್ತಿದ. ಎಷ್ಟು ಬೆಳ್ಳಗಾಗಿದೆ ತಲೆ! ಹೆಂಗಸರು ಹಿಂಡು ಹಿಂಡಾಗಿ ದಾಟಿ ನಮ್ಮ ಕಡೆ ಬಂದರು, ಅಲ್ಲಿಂದ ಚದುರಿ ಹೋದರು. ಈಚೆ ಬದಿಯಲ್ಲಿ ನಾವಿಬ್ಬರೇ ಉಳಿದೆವು. ಅವನು ಆಗ ನೋಡಿದ.

ಕೈ ಇಳಿಸುವುದು ಅವನಿಗೆ ಮರೆತೇ ಹೋಯಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಒಬ್ಬ ಡ್ರೈವರ್ ತಮಿಳಿನಲ್ಲಿ ಬೈಯುತ್ತಿದ್ದ. ಅಣ್ಣ ಕೈ ಎತ್ತಿಕೊಂಡೇ ನಮ್ಮ ಕಡೆ ನಡೆದು ಬಂದ. ರಾಜಶ್ರೀಯ ಇನ್ನೊಂದು ಕೈ ಹಿಡಿದುಕೊಂಡ. ಅವಳನ್ನು ನಡುವೆ ಹಾಕಿಕೊಂಡು ನಮ್ಮಿಬ್ಬರನ್ನೂ ಆಚೆಗೆ ದಾಟಿಸಿದ. ಫುಟ್‌ಪಾತ್ ಹತ್ತಿದ ಮೇಲೆಯೇ ಬಾಯಿ ಬಿಟ್ಟದ್ದು.

"ಊಟ ಆತೇನ ಅನ್ನವ್ವಾ?" ಅಂದ.

ಆರು ವರ್ಷದಿಂದ ನಾನು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಇಲ್ಲ" ಅಂದೆ.

ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದ. ಮಗಳು ಇಡ್ಲಿ ತಿನ್ನುವುದನ್ನು ನೋಡುತ್ತ ಕೂತ. ಅವಳ ತಟ್ಟೆಗೆ ತನ್ನ ಇಡ್ಲಿಯನ್ನೂ ಹಾಕಿ, "ನಾ ಏನ್ ಮಾಡಿದ್ರೂ ಬಸವಂತ ತಿರುಗಿ ಬರಂಗಿಲ್ಲವ್ವಾ" ಅಂದ. ಆಗ ನನಗೆ ಮಾತು ಬಂತು. "ಅವರು ಒಂದ ದಿನಾ ಹೋದ್ರು ಅಣ್ಣಾ. ನೀ ದಿನಾ ಹೋಗಾಕತ್ತಿದಿ. ಬೆಳಗಾದ್ರ ನಾ ಬಾಗಲಾ ನೋಡತೇನಿ, ನೀ ಇರೂದಿಲ್ಲ. ಇನ್ನ ಸಾಕು ಮಾಡು" ಅಂದೆ. ಅವನು ಅತ್ತ, ನಾನೂ ಅತ್ತೆ. ಹೋಟೆಲಿನ ಮಾಣಿ ಪಾಪ, ಸಾಂಬಾರು ಖಾರವಾಯಿತೇನೋ ಎಂದುಕೊಂಡು ಇನ್ನೆರಡು ಲೋಟ ನೀರು ತಂದಿಟ್ಟ.

ನನ್ನ ಜೊತೆ ಊರಿಗೆ ಬಾ ಎಂದು ಕರೆದೆ. ಬರಲಿಲ್ಲ. "ಆ ಹಾದೀಲೆ ಬರೂದು ನನ್ನ ಕೈಲಾಗೂದಿಲ್ಲ" ಅಂದ. ನಾನು ಒತ್ತಾಯ ಮಾಡಲಿಲ್ಲ. ಕಾಗದ ಬರೆಯುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದಾನೆ. ನನಗೆ ಅಷ್ಟು ಸಾಕು.

ಅಕ್ಕನವರಿಗೆ ಎರಡು ಖಣ ಕಳಿಸಿದ್ದೇನೆ. ಇಲ್ಲಿಯ ಮಗ್ಗದ್ದೇ. ನಿಮ್ಮ ಉಪಕಾರಕ್ಕೆ ಇದು ಸಾಟಿಯಲ್ಲ. ಸಾಟಿಯಾಗುವಂಥದ್ದು ನನ್ನ ಹತ್ತಿರ ಇಲ್ಲವೂ ಇಲ್ಲ.

ಅನ್ನಪೂರ್ಣ


ಬಿಟಿಎಂ ಲೇಔಟ್, ಬೆಂಗಳೂರು
19 ನವೆಂಬರ್ 2000

ಮಗಳು ಅನ್ನಪೂರ್ಣಳಿಗೆ,

ನೀನು ಮೂರು ಕಾಗದ ಬರೆದರೆ ನಾನು ಒಂದು ಬರೆಯುತ್ತೇನೆ ಅಂತ ನಿನ್ನ ದೂರು. ಭೀಮಪ್ಪ ಬರೆಯುತ್ತಾನಲ್ಲ ಅಂತ ಸುಮ್ಮನಿದ್ದೆ. ಆದರೆ ಅವನು ನಿನಗೆ ಬರೆಯದ ಒಂದು ಸಮಾಚಾರ ಇದೆ. ಬರೆಯಬೇಡಿ ಅಂತ ಅವನೇನೂ ನನಗೆ ಹೇಳಿಲ್ಲ.

ವರ್ಷದ ಮೊದಲಲ್ಲಿ ನಾನು ಸ್ಕೂಟರಿನಿಂದ ಬಿದ್ದು ಮಂಡಿ ಮುರಿದುಕೊಂಡದ್ದು ನಿನಗೆ ಗೊತ್ತು. ಡಾಕ್ಟರು ಇನ್ನು ಸ್ಕೂಟರ್ ಮುಟ್ಟಬೇಡಿ ಅಂದರು. ನನಗೆ ಕೈಕಾಲು ಕಟ್ಟಿದಂತಾಯಿತು. ರಸ್ತೆ ಅಗಲ ಮಾಡುತ್ತೇವೆ ಅಂತ ಎಲ್ಲ ಕಡೆ ಹಳೇ ಮೈಲಿಗಲ್ಲು, ಹಳೇ ಬೋರ್ಡ್ ಕೀಳುತ್ತಿದ್ದಾರೆ. ಕನಕಪುರ ರಸ್ತೆಯ ಕಲ್ಲುಗಳ ಫೋಟೊ ನನ್ನ ಹತ್ತಿರ ಅರ್ಧವೂ ಇಲ್ಲ. ಕೊನೆಗೆ ಹಳೇದೊಂದು ಮಾರುತಿ ಓಮ್ನಿ ತೆಗೆದುಕೊಂಡೆ. ಮರಿಯಮ್ಮ, "ಭೀಮಪ್ಪ ಡ್ರೈವರ್ ತಾನೇ, ಅವನ್ನ ಕರೀರಿ" ಅಂದಳು. ಕರೆದೆ. "ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ ಸಾರ್" ಅಂದ.

ಆದರೂ ಪ್ರತಿ ಭಾನುವಾರ ಬರುತ್ತಿದ್ದ. ಹೊಂಗೆ ಮರದ ಕೆಳಗೆ ನಿಂತಿದ್ದ ಗಾಡಿಯನ್ನು ತೊಳೆಯುತ್ತಿದ್ದ. ಒಂದು ದಿನ ಕಿಟಕಿಯಿಂದ ನೋಡಿದೆ, ಬೀಗದಕೈ ಇಲ್ಲದ ಗಾಡಿಯಲ್ಲಿ ಡ್ರೈವರ್ ಸೀಟಿನ ಮೇಲೆ ಕೂತು ಸ್ಟೇರಿಂಗ್ ಹಿಡಿದುಕೊಂಡಿದ್ದ. ನಾನು ಕಿಟಕಿಯಿಂದ ಸರಿದುಬಿಟ್ಟೆ.

ಬೇರೆ ದಾರಿ ಕಾಣದೆ ಈ ವಯಸ್ಸಿನಲ್ಲಿ ನಾನೇ ಡ್ರೈವಿಂಗ್ ಕಲಿಯಲು ಹೊರಟೆ. ಮಡಿವಾಳ ಕೆರೆಯ ಪಕ್ಕದ ಖಾಲಿ ರಸ್ತೆ. ಭೀಮಪ್ಪ ಪಕ್ಕದಲ್ಲಿ ಕೂತು ಹೇಳಿಕೊಡಲು ಒಪ್ಪಿದ್ದ. ಕ್ಲಚ್ಚು ಬಿಟ್ಟರೆ ಗಾಡಿ ಕಪ್ಪೆಯ ಹಾಗೆ ಹಾರುತ್ತಿತ್ತು. ಒಬ್ಬ ಸೊಪ್ಪಿನವನ ಗಾಡಿಗೆ ತಗುಲಿಸಿದೆ. ಆಮೇಲೆ ಒಂದು ಕಾಂಪೌಂಡಿಗೆ ಒರೆಸಿದೆ. ಅದಾದ ಮೇಲೆ ಒಂದು ಹಸುವನ್ನು ಹೇಗೋ ಉಳಿಸಿದೆ. ನನ್ನ ಪ್ರಕಾರ ಚೆನ್ನಾಗಿಯೇ ಓಡಿಸುತ್ತಿದ್ದೆ. ಭೀಮಪ್ಪನ ಮುಖ ಬೂದಿಯಾಗಿತ್ತು. ಕೈಬ್ರೇಕ್ ಎಳೆದುಬಿಟ್ಟ.

"ಇಳೀರಿ ಸಾರ್" ಅಂದ.

"ಯಾಕಪ್ಪ?"

"ಈ ಕಡೆ ಬರ್ರಿ. ನಿಮ್ಮನ್ನ ಹಿಂಗ ಬಿಟ್ರ ನೀವೂ ಯಾರನ್ನರ ಕೊಲ್ತೀರಿ."

ನಾನು ಇಳಿದು ಸುತ್ತಿಕೊಂಡು ಆಚೆ ಬಂದೆ. ಅವನು ಈಚೆ ಕೂತ. ಗೇರಿನ ಮೇಲೆ ಕೈ ಇಟ್ಟು ತೆಗೆದ, ಮತ್ತೆ ಇಟ್ಟ, ನಾನು ನೋಡದವನ ಹಾಗೆ ಕೆರೆ ನೋಡುತ್ತಿದ್ದೆ. ಗಾಡಿ ಹೊರಟಿತು. ಲೋಟದಲ್ಲಿ ತುಂಬಿದ ನೀರು ತುಳುಕದ ಹಾಗೆ ಮನೆವರೆಗೆ ತಂದು ನಿಲ್ಲಿಸಿದ.

ಲೈಸೆನ್ಸ್ ಮತ್ತೆ ಮಾಡಿಸಿದೆವು. ಈಗ ಪ್ರತಿ ಭಾನುವಾರ ಹೊರಡುತ್ತೇವೆ. ಕನಕಪುರ ರಸ್ತೆ ಮುಗಿಯಿತು, ಅಂಜನಾಪುರದ ಕಡೆಯದೂ ಆಯಿತು. ಬೊಮ್ಮನಹಳ್ಳಿಯ ಆ ಬೋರ್ಡನ್ನು ರಸ್ತೆ ಕೆಲಸದವರು ಕಿತ್ತು ಹಾಕಿದರು. ಭೀಮಪ್ಪನಿಗೆ ಬೇಸರವಾಗಬಹುದು ಅಂದುಕೊಂಡಿದ್ದೆ. "ದೊಡ್ಡದು ಹಾಕ್ತಾರಂತ್ರಿ, ಲೈಟ್ ಬಿದ್ರ ಹೊಳೀತೈತಂತ. ಚಲೋನ ಆತು" ಅಂದ. ಹೆಣ್ಣುಮಕ್ಕಳನ್ನು ದಾಟಿಸುವುದು ಮಾತ್ರ ಬಿಟ್ಟಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಿಮ್ಮೂರಿಗೆ ಬರೋಣ ಅಂತ ಅವನೇ ಹೇಳಿದ್ದಾನೆ. ಹುಬ್ಬಳ್ಳಿ ಮೇಲೆ ಹೋಗೋಣ ಅಂದ. ಸುತ್ತು ದಾರಿ. ಯಾಕೆ ಅಂತ ನಾನು ಕೇಳಲಿಲ್ಲ. ನೀನೂ ಕೇಳಬೇಡ. ಯಾವ ದಾರಿಯಿಂದ ಬಂದರೂ ನಿನ್ನ ಬಾಗಿಲಿಗೇ ತಾನೇ ಬರುವುದು.

ನಾನೊಂದು ಮಾತು ಬರೆಯಲೇಬೇಕು. ನನ್ನ ಹತ್ತಿರ ಬೋರ್ಡ್‌ಗಳ ಫೋಟೊ ಟ್ರಂಕಿನ ತುಂಬ ಇತ್ತು, ಅದರಲ್ಲಿ ಬರೆದಿದ್ದ ಒಂದು ಊರಿನಲ್ಲೂ ನಮ್ಮವರು ಅಂತ ಯಾರೂ ಇರಲಿಲ್ಲ. ಈಗ ಹೋಗುವುದಕ್ಕೆ ಒಂದು ಊರಿದೆ. ಉಪಕಾರ ನಿನ್ನದು.

ತಿಮ್ಮರಾಯಪ್ಪ


ಗುಳೇದಗುಡ್ಡ
11 ಫೆಬ್ರವರಿ 2001

ಕಾಕಾ,

ನೀವು ಹೋಗಿ ವಾರವಾಯಿತು, ಮನೆ ಇನ್ನೂ ಭಣಭಣ ಎನ್ನುತ್ತಿದೆ. ಅಕ್ಕನವರು ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ ಮಾಡಿದ ಆಂಧ್ರದ ನಕಾಶೆಯನ್ನು ರಾಜಶ್ರೀ ಇನ್ನೂ ಎಲ್ಲರಿಗೂ ಹೇಳಿ ನಗುತ್ತಾಳೆ.

ಅಣ್ಣ ಹುಬ್ಬಳ್ಳಿ ಮೇಲೆ ಬರುತ್ತಾನೆಂದು ನಾನು ಬಾದಾಮಿ ರಸ್ತೆಯ ಕಡೆ ಕಣ್ಣಿಟ್ಟು ಕೂತಿದ್ದೆ. ನೀವು ಅಮೀನಗಡದ ಕಡೆಯಿಂದ ಬಂದಿರಿ. ಚಿತ್ರದುರ್ಗದಲ್ಲಿ ಏನಾಯಿತೆಂದು ನೀವು ಹೇಳಿದ್ದನ್ನು ನಾನು ಎಷ್ಟು ಸಲ ನೆನೆಸಿಕೊಂಡೆನೋ. ನಾಲ್ಕನೇ ನಂಬರಿನ ಹೆದ್ದಾರಿಯೂ ಹದಿಮೂರನೆಯದೂ ಬೇರೆಯಾಗುವ ಕಡೆ ನೀವು ಫೋಟೊ ತೆಗೆಯಲು ಇಳಿದದ್ದು, ವಾಪಸು ಬಂದು ಕೂತದ್ದು, ಅಣ್ಣ ಗಾಡಿಯನ್ನು ಶುರು ಮಾಡಿ ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಯಾರನ್ನೂ ಕೇಳದೆ ಹುಬ್ಬಳ್ಳಿಯ ದಾರಿ ಬಿಟ್ಟು ಹೊಸಪೇಟೆಯ ಕಡೆಗೆ ತಿರುಗಿಸಿದ್ದು. "ನಾನು ಬಾಯಿ ಮುಚ್ಚಿಕೊಂಡು ಕೂತೆ" ಎಂದಿರಿ. ಕಾಕಾ, ನಿಮ್ಮ ಆ ಗುಣಕ್ಕೆ ನಾನು ಎಷ್ಟು ಋಣಿ ಎಂದು ಹೇಗೆ ಹೇಳಲಿ.

ನೀವು ಹೊರಡುವ ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ನೀವಿಬ್ಬರೂ ಮಲಗಿದ್ದಿರಿ. ಆಗ ನಡೆದದ್ದು ನಿಮಗೆ ಗೊತ್ತಿಲ್ಲ.

ರಾಜಶ್ರೀ ಮತ್ತು ಓಣಿಯ ಮಕ್ಕಳು ಗಾಡಿಯಲ್ಲಿ ಸುತ್ತಿಸು ಎಂದು ಅಣ್ಣನ ಬೆನ್ನು ಬಿದ್ದಿದ್ದರು. ಹಿಂದೆ ತುಂಬಿಕೊಂಡು ಊರ ಸುತ್ತ ಒಂದು ಸುತ್ತು ಹಾಕಿಸಿ ಬಂದ. ಮಕ್ಕಳು ಇಳಿದು ಓಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೋಗಿ ಮುಂದಿನ ಬಾಗಿಲು ತೆಗೆದೆ. ಅವನ ಪಕ್ಕದ ಸೀಟು.

ಅವನು ಗಾಬರಿಯಾಗಿ, "ಹಿಂದ ಕುಂಡ್ರು ಅನ್ನವ್ವಾ" ಅಂದ.

"ಇಲ್ಲೇ ಕುಂಡ್ರತೇನಿ" ಅಂದೆ. ಕೂತೆ.

"ಎಲ್ಲಿಗೆ ಹೋಗೂದು?"

"ಅಮೀನಗಡಕ್ಕ ಹೋಗಿ ಬರೋಣು. ಕರದಂಟ ತರೋಣು ಅಕ್ಕನವರಿಗೆ."

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ, ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿತ್ತು, ಅದನ್ನು ಬಿಡಿಸಿಕೊಳ್ಳುತ್ತಿದ್ದೆ. ಗಾಡಿ ಹೊರಟಿತು.

ನಿಮಗೆ ಒಂದು ಹೇಳಬೇಕು. ಎಂಟು ವರ್ಷದಿಂದ ನಾನು ಆ ರಸ್ತೆಯಲ್ಲಿ ಬಸ್ಸು ಹತ್ತಿದ್ದೇ ಕಡಿಮೆ. ಹತ್ತಿದರೂ ಆ ತಿರುವು ಬರುವ ಮುಂಚೆ ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಅವತ್ತೂ ಹಾಗೇ ಆಗುತ್ತದೆ, ಅವನಿಗೆ ಕಾಣಬಾರದು ಎಂದುಕೊಂಡು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬಿಸಿಲಿಗೆ ಗಾಡಿ ಬೆಚ್ಚಗಿತ್ತು. ಅಣ್ಣ ಮೆಲ್ಲಗೆ ಹೊಡೆಯುತ್ತಿದ್ದ. ನೀವು ಬರುವ ಸಡಗರದಲ್ಲಿ ನಾನು ನಾಲ್ಕು ದಿನ ಸರಿಯಾಗಿ ಮಲಗಿರಲಿಲ್ಲ.

ಅಣ್ಣ ಭುಜ ಅಲುಗಿಸಿ ಎಬ್ಬಿಸಿದಾಗ ಗಾಡಿ ಅಮೀನಗಡದ ಕರದಂಟಿನ ಅಂಗಡಿಯ ಮುಂದೆ ನಿಂತಿತ್ತು.

ನಿಮ್ಮ ಮಗಳು,
ಅನ್ನಪೂರ್ಣ